ಮೂರೇ ವರ್ಷಕ್ಕೆ ಕೈಬಿಟ್ಟು ಹೋಗೋ ಬ್ಯಾಂಡು: ಅಮೆರಿಕದ ಮಿಡಲ್ ಸ್ಕೂಲ್ ಬ್ಯಾಂಡ್ ಡೈರೆಕ್ಟರ್ ಕೆಲಸ ಅಂದ್ರೆ ಏನು

ನನ್ನ ಮಗಳು ಐದನೇ ಕ್ಲಾಸ್ ಮುಗಿಸ್ತಿದ್ದಾಗ ಸ್ಕೂಲಿಂದ ಒಂದು ಮೇಲ್ ಬಂತು, ಬರೋ ವರ್ಷ ಬ್ಯಾಂಡ್ ಸೇರೋ ಮಕ್ಕಳು ಗುರುವಾರ ಸಂಜೆ ಮಿಡಲ್ ಸ್ಕೂಲಿಗೆ ಬಂದು ವಾದ್ಯಗಳನ್ನ ಊದಿ ನೋಡಬಹುದು ಅಂತ. ನಾವು ಟೆಕ್ಸಸ್‌ಗೆ ಬಂದು ಆಗಿನ್ನೂ ಎರಡು ವರ್ಷ, ಬ್ಯಾಂಡ್ ಅಂದ ತಕ್ಷಣ ನನ್ನ ಕಣ್ಣ ಮುಂದೆ ಬಂದಿದ್ದು ಮದುವೆ ಮೆರವಣಿಗೆ. ಏನೋ ಒಂದು ಹವ್ಯಾಸ, ವಾರಕ್ಕೊಂದು ದಿನ ಇರತ್ತೆ ಅಂದ್ಕೊಂಡು ಕರ್ಕೊಂಡು ಹೋದೆ. ಆಮೇಲೆ ಮೂರು ವರ್ಷ ಆ ಬ್ಯಾಂಡ್ ಹಾಲಿನ ಬಾಗಿಲಲ್ಲಿ ನಿಂತಿದ್ದೀನಿ, ಕಾನ್ಸರ್ಟ್ ಟೀ ಶರ್ಟ್ ಹಂಚಿದ್ದೀನಿ, ಬಸ್ಸಲ್ಲಿ ಮಕ್ಕಳ ಜೊತೆ ಹೋಗಿದ್ದೀನಿ, ಇಪ್ಪತ್ತೈದು ವರ್ಷಕ್ಕಿಂತ ಜಾಸ್ತಿ ಇದೇ ಕೆಲಸ ಮಾಡಿರೋ ಒಬ್ಬ ಮೇಷ್ಟ್ರು ದಿನಾ ಏನು ಮಾಡ್ತಾರೆ ಅಂತ ಹತ್ತಿರದಿಂದ ನೋಡಿದ್ದೀನಿ. ಊರಲ್ಲಿರೋರು, ಇಲ್ಲಿಗೆ ಹೊಸದಾಗಿ ಬಂದಿರೋ ಕನ್ನಡದ ಅಪ್ಪ ಅಮ್ಮಂದಿರು ತುಂಬಾ ಸಲ ಕೇಳ್ತಾರೆ, ಏನಿದು ಬ್ಯಾಂಡು, ಇದಕ್ಕೊಬ್ಬ ಫುಲ್‌ಟೈಮ್ ಡೈರೆಕ್ಟರ್ ಯಾಕೆ ಬೇಕು ಅಂತ. ಅದಕ್ಕೆ ಉತ್ತರ ಇದು, ಸ್ವಲ್ಪ ಉದ್ದ ಆಗತ್ತೆ.

ಮೊದಲು ಬೇಸಿಕ್ ವಿಷಯ. ಇಲ್ಲಿ ಪಬ್ಲಿಕ್ ಸ್ಕೂಲ್ ಅಂದ್ರೆ ಸರ್ಕಾರಿ ಸ್ಕೂಲು, ಅದರಲ್ಲಿ ಮಿಡಲ್ ಸ್ಕೂಲ್ ಅಂದ್ರೆ ಸಾಮಾನ್ಯವಾಗಿ 6, 7, 8ನೇ ಕ್ಲಾಸು, 11ರಿಂದ 14 ವರ್ಷದ ಮಕ್ಕಳು. ಬ್ಯಾಂಡ್ ಸ್ಕೂಲ್ ಬಿಟ್ಟ ಮೇಲೆ ನಡೆಯೋ ಕ್ಲಾಸ್ ಅಲ್ಲ, ಟೈಮ್‌ಟೇಬಲ್ ಒಳಗೇ ಇರೋ ಪೀರಿಯಡ್ಡು, ಗಣಿತ ಸೈನ್ಸ್ ತರಾನೇ ಇದಕ್ಕೂ ಗ್ರೇಡ್ ಬರತ್ತೆ. ವಾದ್ಯಗಳು ಮೂರು ಗುಂಪು. ವುಡ್‌ವಿಂಡ್ ಅಂದ್ರೆ ಫ್ಲೂಟು, ಓಬೋ, ಕ್ಲ್ಯಾರಿನೆಟ್, ಬಸೂನ್, ಸ್ಯಾಕ್ಸೋಫೋನು. ಬ್ರಾಸ್ ಅಂದ್ರೆ ಟ್ರಂಪೆಟ್, ಹಾರ್ನ್, ಟ್ರಾಂಬೋನ್, ಯುಫೋನಿಯಂ, ಟ್ಯೂಬಾ. ಇನ್ನೊಂದು ಪರ್ಕಶನ್, ಹೊಡೆದು ನುಡಿಸೋವೆಲ್ಲಾ. ಪಿಟೀಲು, ಚೆಲ್ಲೋ ಬ್ಯಾಂಡಲ್ಲಿ ಇರಲ್ಲ, ಅವು ಆರ್ಕೆಸ್ಟ್ರಾದವು, ಅದೇ ಬೇರೆ ಕ್ಲಾಸು. ಸ್ಯಾಕ್ಸೋಫೋನ್ ಮೈಯೆಲ್ಲಾ ಹಿತ್ತಾಳೆ ಆದ್ರೂ ಬ್ರಾಸ್ ಗುಂಪಿಗೆ ಸೇರಲ್ಲ, ಯಾಕಂದ್ರೆ ಅದರಲ್ಲಿ ನಾದ ಹುಟ್ಟೋದು ತುಟಿ ನಡುಗಿಸಿ ಅಲ್ಲ, ರೀಡ್ ಅನ್ನೋ ಒಂದು ತೆಳು ಪಟ್ಟಿ ನಡುಗಿ. ನಮ್ಮ ಕದ್ರಿ ಗೋಪಾಲನಾಥ್ ಅವರು ನುಡಿಸ್ತಿದ್ರಲ್ಲ ಆಲ್ಟೋ ಸ್ಯಾಕ್ಸೋಫೋನು, ಅದೇ ಇದು.

ಆ ಗುರುವಾರ ಸಂಜೆಗೆ ಬರ್ತೀನಿ. ಡೈರೆಕ್ಟರ್ ಮುಂದೆ ಒಂದು ಟೇಬಲ್, ಅದರ ಮೇಲೆ ಸಾಲಾಗಿ ಮೌತ್‌ಪೀಸ್‌ಗಳು, ಅಂದ್ರೆ ವಾದ್ಯದಲ್ಲಿ ಬಾಯಿಗಿಟ್ಟು ಊದೋ ತುಂಡುಗಳು, ಪಕ್ಕದಲ್ಲಿ ಕ್ರಿಮಿನಾಶಕ ಸ್ಪ್ರೇ, ಒಂದೊಂದು ಮಗುನೂ ಊದಿದ ಮೇಲೆ ಒರೆಸಿ ಇಡ್ತಾ ಇದ್ರು. ಪೂರ್ತಿ ವಾದ್ಯ ಯಾರಿಗೂ ಕೊಡಲಿಲ್ಲ. ಫ್ಲೂಟಿನ ತಲೆ ಭಾಗ ಮಾತ್ರ ಕೊಟ್ಟು ಒಂದು ತುದಿ ಅಂಗೈಲಿ ಮುಚ್ಚಿ ಊದು ಅಂತಾರೆ, ಬಾಟ್ಲಿ ಬಾಯಿಗೆ ಊದಿದ ಹಾಗೆ. ಟ್ರಂಪೆಟ್ ಮೌತ್‌ಪೀಸ್ ಕೊಟ್ಟು ತುಟಿ ಬಿಗಿ ಹಿಡಿದು ದುಂಬಿ ಗುಂಯ್ ಅಂದಹಾಗೆ ಮಾಡು ಅಂತಾರೆ. ಕ್ಲ್ಯಾರಿನೆಟ್ ಮೌತ್‌ಪೀಸ್ ಜೊತೆ ಬ್ಯಾರಲ್ ಅನ್ನೋ ಚಿಕ್ಕ ತುಂಡು ಸೇರಿಸಿ ಊದಿಸ್ತಾರೆ, ಸರಿಯಾಗಿ ಊದಿದ್ರೆ ಎಫ್ ಶಾರ್ಪ್ ಹತ್ತಿರದ ಸ್ವರ ನಿಲ್ಲಬೇಕು, ಅದಕ್ಕಿಂತ ಕೆಳಗೆ ಜಾರಿದ್ರೆ ತುಟಿ ಸಡಿಲ ಅಂತ ಅವರಿಗೆ ಕೇಳಿದ ತಕ್ಷಣ ಗೊತ್ತಾಗತ್ತೆ. ಒಂದೊಂದು ಮಗುಗೆ ಎರಡು ಮೂರು ನಿಮಿಷ, ಅಷ್ಟರಲ್ಲೇ ತುಟಿ ದಪ್ಪ, ಹಲ್ಲಿನ ಜೋಡಣೆ, ಬೆರಳಿನ ಉದ್ದ, ಹಲ್ಲಿಗೆ ಕ್ಲಿಪ್ ಹಾಕಿಸೋ ಪ್ಲಾನ್ ಇದ್ಯಾ, ಎಲ್ಲಾ ನೋಡಿ ಒಂದು ಹಾಳೆ ಮೇಲೆ ನಂಬರ್ ಬರ್ಕೋತಾರೆ.

ನನ್ನ ಮಗಳಿಗೆ ಡ್ರಮ್ ಬೇಕಿತ್ತು. ಬರೋ ಮಕ್ಕಳಲ್ಲಿ ಅರ್ಧಕ್ಕರ್ಧ ಡ್ರಮ್ ಅಥವಾ ಸ್ಯಾಕ್ಸೋಫೋನ್ ಅಂತಾನೇ ಬರ್ತಾರಂತೆ. ಅವರು ಪಿಯಾನೋದಲ್ಲಿ ಒಂದು ಸ್ವರ ಒತ್ತಿ ಹಾಡು ಅಂದ್ರು, ಇವಳು ಹಾಡಿದ್ಲು, ಇನ್ನೊಂದು ಒತ್ತಿದ್ರು, ಅದನ್ನೂ ಹಿಡಿದ್ಲು, ಎರಡು ವರ್ಷ ಮನೇಲಿ ಸರಳೆ ಜಂಟಿ ಹಾಡ್ಕೊಂಡಿದ್ದಕ್ಕೆ ಕಿವಿ ರೆಡಿ ಇತ್ತು. ನೀನು ಹಾರ್ನ್ ತಗೋತೀಯಾ ಅಂತ ಕೇಳಿದ್ರು. ಯಾಕೆ ಅಂತ ನಾನು ಕೇಳಿದಾಗ ಹೇಳಿದ ವಿಷಯ ನನಗೆ ಇವತ್ತಿಗೂ ನೆನಪಿದೆ. ಹಾರ್ನಿನ ಕೊಳವೆ ತುಂಬಾ ಉದ್ದ, ಬಿಚ್ಚಿ ನೇರ ಮಾಡಿದ್ರೆ ಎಫ್ ಹಾರ್ನ್ ಹತ್ತಿರ ಹತ್ತಿರ 12 ಅಡಿ, ಅದರಲ್ಲಿ ಒಂದೇ ಬೆರಳು ಒತ್ತಿ ತುಟಿ ಒಂಚೂರು ಬಿಗಿ ಮಾಡಿದ್ರೆ ಪಕ್ಕದ ಸ್ವರ, ಇನ್ನೊಂಚೂರು ಅಂದ್ರೆ ಅದರ ಪಕ್ಕದ್ದು, ಸ್ವರಗಳು ಅಷ್ಟು ಒತ್ತೊತ್ತಾಗಿ ಕೂತಿರತ್ತೆ. ಬೆರಳು ಸರಿ ಇದ್ರೂ ಸ್ವರ ತಪ್ಪಬಹುದು. ಹಾಗಾಗಿ ಊದೋ ಮೊದಲೇ ಸ್ವರ ತಲೇಲಿ ಕೇಳಿಸಿಕೊಳ್ಳೋ ಮಗುಗೇ ಹಾರ್ನ್ ಕೊಡಬೇಕು. ಟ್ರಾಂಬೋನಿಗೆ ಬೇರೆ ಲೆಕ್ಕ, ಅದರ ಸ್ಲೈಡಿಗೆ ಏಳು ಜಾಗ ಇರತ್ತೆ, 11 ವರ್ಷದ ಎಷ್ಟೋ ಮಕ್ಕಳ ಕೈ ಏಳನೇ ಜಾಗಕ್ಕೆ ಎಟುಕೋದೇ ಇಲ್ಲ, ಬೆಳೀತಾರೆ ಅಂತ ನಂಬಿ ಕೊಡಬೇಕು.

ಇದೆಲ್ಲಾ ಒಂದೊಂದು ಮಗು ಬಗ್ಗೆ. ಅದರ ಜೊತೆಗೇ ಅವರ ತಲೇಲಿ ಇನ್ನೊಂದು ಲೆಕ್ಕ ಓಡ್ತಾ ಇರತ್ತೆ, ಮೂರು ವರ್ಷ ಆದ ಮೇಲೆ ಈ ಬ್ಯಾಂಡ್ ಹೇಗೆ ಕೇಳಿಸಬೇಕು ಅನ್ನೋದು. 60 ಮಕ್ಕಳಲ್ಲಿ 20 ಜನ ಸ್ಯಾಕ್ಸೋಫೋನ್, 15 ಜನ ಡ್ರಮ್ ಅಂದ್ರೆ ಅದು ಬ್ಯಾಂಡೇ ಅಲ್ಲ, ಕೆಳಗೆ ಹಿಡಿದು ನಿಲ್ಲಿಸೋಕೆ ಟ್ಯೂಬಾ ಬೇಕು, ಮಧ್ಯ ತುಂಬೋಕೆ ಹಾರ್ನು ಯುಫೋನಿಯಂ ಬೇಕು, ಕ್ಲ್ಯಾರಿನೆಟ್ ಧಾರಾಳವಾಗಿ ಬೇಕು. ಎಂಟನೇ ಕ್ಲಾಸಿನ ಕಾನ್ಸರ್ಟಲ್ಲಿ ಕೇಳೋ ಸದ್ದು ಐದನೇ ಕ್ಲಾಸಿನ ಆ ಸಂಜೆ ಹಾಳೆ ಮೇಲೆ ಬಿದ್ದ ನಂಬರುಗಳಿಂದ ಶುರುವಾಗಿರತ್ತೆ. ಇಷ್ಟರ ಮೇಲೆ ಮಗುಗೆ ಇಷ್ಟ ಇಲ್ಲದ್ದನ್ನ ಕೊಟ್ರೆ ಅದು ಡಿಸೆಂಬರ್ ಒಳಗೆ ಬಿಟ್ಟು ಹೋಗತ್ತೆ. ಒತ್ತಾಯ ಮಾಡದೆ, ಸುಳ್ಳು ಹೇಳದೆ, ಇದು ನಿನಗೆ ಹೊಂದತ್ತೆ ಅಂತ ಒಪ್ಪಿಸೋದಿದ್ಯಲ್ಲ, ನನ್ನ ಪ್ರಕಾರ ಈ ವೃತ್ತಿಯ ಅತಿ ಸೂಕ್ಷ್ಮ ಕೆಲಸ ಅದೇ.

ಆಗಸ್ಟಲ್ಲಿ ಸ್ಕೂಲ್ ಶುರುವಾದ್ರೆ ಮೊದಲ ಕೆಲವು ದಿನ ಯಾರೂ ವಾದ್ಯ ಊದಲ್ಲ. ಪೆಟ್ಟಿಗೆ ನೆಲದ ಮೇಲೆ ಇಟ್ಟು ಯಾವ ಕಡೆ ಮೇಲೆ ಬರಬೇಕು, ಹೇಗೆ ತೆಗೀಬೇಕು, ಹೇಗೆ ಜೋಡಿಸಬೇಕು, ರೀಡ್ ಎಷ್ಟು ಹೊತ್ತು ಒದ್ದೆ ಮಾಡಬೇಕು, ಕುರ್ಚಿ ತುದೀಲಿ ಹೇಗೆ ಕೂರಬೇಕು, ಭುಜ ಎತ್ತದೆ ಹೊಟ್ಟೆ ತುಂಬಾ ಉಸಿರು ಹೇಗೆ ತಗೋಬೇಕು, ಇದೇ. ಟೆಕ್ಸಸಲ್ಲಿ ಎಷ್ಟೋ ಕಡೆ ಮೊದಲ ವರ್ಷ ವಾದ್ಯಕ್ಕೊಂದು ಕ್ಲಾಸು, ಕ್ಲ್ಯಾರಿನೆಟ್‌ನವರು ಒಂದು ಪೀರಿಯಡ್, ಬ್ರಾಸ್‌ನವರು ಇನ್ನೊಂದು, ಹಾಗೆ. ಬೇರೆ ಎಷ್ಟೋ ರಾಜ್ಯಗಳಲ್ಲಿ ಎಲ್ಲಾ ವಾದ್ಯದ ಹೊಸಬರನ್ನೂ ಒಂದೇ ರೂಮಲ್ಲಿ ಒಂದೇ ಸಲ ಕೂರಿಸ್ತಾರೆ, ಒಬ್ಬರೇ ಮೇಷ್ಟ್ರು. ಇದು ಎಷ್ಟು ಕಷ್ಟ ಅಂತ ತಿಳ್ಕೋಬೇಕಾದ್ರೆ ಒಂದು ವಿಷಯ ಅರ್ಥ ಆಗಬೇಕು, ಅದೇ ಟ್ರಾನ್ಸ್‌ಪೊಸಿಶನ್, ಇದಕ್ಕೆ ಸ್ವಲ್ಪ ತಾಳ್ಮೆ ಬೇಕು, ಆದ್ರೆ ನಮ್ಮ ಶ್ರುತಿ ಗೊತ್ತಿರೋರಿಗೆ ಇದು ಸುಲಭವಾಗಿ ಹೊಳೆಯತ್ತೆ.

ನೋಡಿ, ಹಾರ್ಮೋನಿಯಂನಲ್ಲಿ ನಾವು ಒಂದು ಮನೆ ಅಂದ್ರೆ ಸಿ, ಎರಡೂವರೆ ಅಂದ್ರೆ ಇ ಫ್ಲ್ಯಾಟ್, ನಾಲ್ಕು ಅಂದ್ರೆ ಎಫ್, ಆರೂವರೆ ಅಂದ್ರೆ ಬಿ ಫ್ಲ್ಯಾಟ್. ಬ್ಯಾಂಡಲ್ಲಿ ಒಂದೊಂದು ವಾದ್ಯದ ಷಡ್ಜ ಒಂದೊಂದು ಮನೇಲಿ ಕೂತಿರತ್ತೆ. ಫ್ಲೂಟ್ ಒಂದು ಮನೆ, ಕ್ಲ್ಯಾರಿನೆಟ್ಟು ಟ್ರಂಪೆಟ್ಟು ಆರೂವರೆ, ಆಲ್ಟೋ ಸ್ಯಾಕ್ಸೋಫೋನ್ ಎರಡೂವರೆ, ಹಾರ್ನ್ ನಾಲ್ಕು. ಅವರವರ ಪುಸ್ತಕದಲ್ಲಿ ಎಲ್ಲರೂ ಸಿ ಅಂತ ಬರೆದಿರೋದನ್ನೇ ಓದಿ ಊದಿದ್ರೆ ನಾಲ್ಕು ಬೇರೆ ಬೇರೆ ಸ್ವರ ಕೇಳಿಸತ್ತೆ. ಈಗ ಇಡೀ ರೂಮು ಸೇರಿ ಆರೂವರೆ ಮನೆ ಸ್ವರ, ಅಂದ್ರೆ ಇಲ್ಲಿನೋರು ಕಾನ್ಸರ್ಟ್ ಬಿ ಫ್ಲ್ಯಾಟ್ ಅಂತಾರೆ, ಅದನ್ನ ಊದಬೇಕು ಅಂದ್ರೆ ಕ್ಲ್ಯಾರಿನೆಟ್ ಮಗು ತನ್ನ ಸ ಊದಬೇಕು, ಸ್ಯಾಕ್ಸೋಫೋನ್ ಮಗು ತನ್ನ ಪ ಊದಬೇಕು, ಹಾರ್ನಿನ ಮಗು ತನ್ನ ಶುದ್ಧ ಮಧ್ಯಮ, ಫ್ಲೂಟಿನ ಮಗು ಕೈಶಿಕಿ ನಿಷಾದ. ಅವರ ಭಾಷೇಲಿ ಸಿ, ಜಿ, ಎಫ್, ಬಿ ಫ್ಲ್ಯಾಟ್. ನಾಲ್ಕು ಹೆಸರು, ನಾಲ್ಕು ಬೆರಳ ಜೋಡಣೆ, ಕೇಳಿಸೋದು ಒಂದೇ ಸ್ವರ. ಡೈರೆಕ್ಟರ್ ಮುಂದಿನ ಸ್ಕೋರಲ್ಲಿ, ಅಂದ್ರೆ ಎಲ್ಲಾ ವಾದ್ಯದ ಸ್ವರ ಒಟ್ಟಿಗೆ ಬರೆದಿರೋ ಪುಸ್ತಕದಲ್ಲಿ, ಇಪ್ಪತ್ತಕ್ಕೂ ಜಾಸ್ತಿ ಸಾಲು ಒಂದರ ಕೆಳಗೊಂದು ಇರತ್ತೆ, ಒಂದೊಂದು ಗುಂಪು ಒಂದೊಂದು ಶ್ರುತೀಲಿ ಬರೆದಿರತ್ತೆ, ಅದನ್ನೆಲ್ಲಾ ಒಂದೇ ನೋಟದಲ್ಲಿ ಓದಿ ಎರಡನೇ ಸಾಲಿನ ಮೂರನೇ ಹುಡುಗ ಎಫ್ ಶಾರ್ಪ್ ಬದಲು ಎಫ್ ಊದಿದ ಅಂತ ಹಿಡೀತಾರೆ, ಕೈ ಮಾತ್ರ ತಾಳ ಬಿಡಲ್ಲ.

ಬಿ ಫ್ಲ್ಯಾಟೇ ಯಾಕೆ ಅಂದ್ರೆ ಟ್ರಂಪೆಟಲ್ಲಿ ಯಾವ ವಾಲ್ವೂ ಒತ್ತದೆ, ಟ್ರಾಂಬೋನಲ್ಲಿ ಸ್ಲೈಡ್ ಎಳೆಯದೆ ಸಿಗೋ ಸ್ವರ ಅದು, ಬ್ರಾಸ್ ವಾದ್ಯಗಳಿಗೆ ಅದೇ ಮನೆ ಬಾಗಿಲು. ಮೊದಲ ತಿಂಗಳ ಪಾಠ ಎಲ್ಲಾ ಆ ಸ್ವರದ ಸುತ್ತ ಐದು ಸ್ವರ. ಆದ್ರೆ ಹಾರ್ನಿಗೂ ಓಬೋಗೂ ಅದು ಅಷ್ಟು ಆರಾಮದ ಜಾಗ ಅಲ್ಲ, ಹಾಗಾಗಿ ಆ ಮಕ್ಕಳು ತಮಗೆ ಬರಲ್ಲ ಅಂದ್ಕೊಂಡು ಕುಗ್ಗಿ ಹೋಗ್ತಾರೆ, ನಿಜವಾಗ್ಲೂ ಪುಸ್ತಕ ಅವರಿಗೆ ಹೊಂದಿಲ್ಲ ಅಷ್ಟೆ. ಅನುಭವ ಇರೋ ಡೈರೆಕ್ಟರು ಅದನ್ನ ಮುಂಚೆನೇ ಆ ಮಗುಗೆ ಹೇಳಿಟ್ಟಿರ್ತಾರೆ.

ಕ್ಲ್ಯಾರಿನೆಟ್‌ನವರಿಗೆ ಕಷ್ಟ ಬರೋದು ಸ್ವಲ್ಪ ತಡವಾಗಿ. ಸ್ಯಾಕ್ಸೋಫೋನಲ್ಲಿ ಹಿಂದಿರೋ ಕೀ ಒತ್ತಿದ್ರೆ ಅದೇ ಬೆರಳಿಗೆ ಸ್ವರ ಸರಿಯಾಗಿ ಒಂದು ಸ್ಥಾಯಿ ಮೇಲೆ ಹೋಗತ್ತೆ, ಕೆಳಗಿನ ಸ ಮೇಲಿನ ಸ ಆಗತ್ತೆ. ಕ್ಲ್ಯಾರಿನೆಟ್ ಕೊಳವೆ ಉದ್ದಕ್ಕೂ ಒಂದೇ ಅಗಲ, ಒಂದು ತುದಿ ಬಾಯಲ್ಲಿ ಮುಚ್ಚಿರತ್ತೆ, ಆ ಕಾರಣಕ್ಕೆ ಅಲ್ಲಿ ಒಂದು ಸ್ಥಾಯಿ ಅಲ್ಲ, ಸ್ಥಾಯಿ ಮೇಲೆ ಇನ್ನೊಂದು ಪಂಚಮ ಸೇರಿಸಿ ಹಾರತ್ತೆ, ಸ ಒತ್ತಿದ್ರೆ ಮೇಲಿನ ಪ. ಇದರಿಂದ ಏನಾಗತ್ತೆ ಅಂದ್ರೆ, ಕೆಳಗಿನ ಸ್ವರಗಳೆಲ್ಲಾ ಮುಗಿದು ಒಂದೇ ಬೆರಳಲ್ಲಿ ಹಿಡಿದಿರೋ ಎ ಸ್ವರದಿಂದ ಪಕ್ಕದ ಬಿ ಸ್ವರಕ್ಕೆ ಹೋಗಬೇಕಾದ್ರೆ ಹೆಚ್ಚುಕಮ್ಮಿ ಎಲ್ಲಾ ಬೆರಳೂ ಒಂದೇ ಕ್ಷಣಕ್ಕೆ ಕೂರಬೇಕು, ಒಂದು ತೂತು ಒಂದು ಕೂದಲೆಳೆ ತೆರೆದಿದ್ರೂ ಕೀಚ್ ಅನ್ನತ್ತೆ. ಇದನ್ನ ಬ್ರೇಕ್ ದಾಟೋದು ಅಂತಾರೆ. ನೂರಾರು ಮಕ್ಕಳು ಕ್ಲ್ಯಾರಿನೆಟ್ ಬಿಡೋದು ಈ ಒಂದು ಹೊಸಿಲಲ್ಲಿ ಅಂತ ನಮ್ಮ ಡೈರೆಕ್ಟರ್ ಹೇಳ್ತಿದ್ರು, ಅದಕ್ಕೇ ಅವರು ಅದನ್ನ ಕಷ್ಟ ಅಂತ ಹೆಸರಿಟ್ಟು ಹೇಳೋದೇ ಇಲ್ಲ, ಮೊದಲು ಮೇಲಿನ ಸ್ವರದಲ್ಲೇ ಆಡಿಸಿ ಅಲ್ಲಿಂದ ಕೆಳಗೆ ಇಳಿಸ್ಕೊಂಡು ಬರ್ತಾರೆ, ದಾಟಿದ್ದು ಮಗುಗೆ ಗೊತ್ತೇ ಆಗಿರಲ್ಲ.

ಇನ್ನು ರಿಪೇರಿ. ಇದನ್ನ ಯಾರೂ ಹೇಳಲ್ಲ, ಆದ್ರೆ ಬ್ಯಾಂಡ್ ಡೈರೆಕ್ಟರ್ ಮೇಜಿನ ಡ್ರಾಯರ್ ತೆಗೆದು ನೋಡಿದ್ರೆ ಮ್ಯೂಸಿಕ್ ಹಾಳೆಗಿಂತ ಮುಂಚೆ ಸಿಗೋದು ಚಿಕ್ಕ ಸ್ಕ್ರೂ ಡ್ರೈವರ್‌ಗಳು, ವಾಲ್ವ್ ಎಣ್ಣೆ, ಕಾರ್ಕಿಗೆ ಹಚ್ಚೋ ಗ್ರೀಸು, ರಬ್ಬರ್ ಬ್ಯಾಂಡು, ತೆಳು ಕಾಗದ. ವಾದ್ಯದ ತೂತು ಮುಚ್ಚೋ ಪ್ಯಾಡ್ ಅಂಟ್ಕೊಂಡಿದ್ರೆ ಅದರ ಕೆಳಗೆ ಆ ಕಾಗದ ಇಟ್ಟು ಒತ್ತಿ ತೆಗೆದ್ರೆ ಜಿಗುಟು ಹೋಗತ್ತೆ. ಟ್ರಂಪೆಟ್ ಮೌತ್‌ಪೀಸ್ ಬಿಗಿಯಾಗಿ ಸಿಕ್ಕಾಕ್ಕೊಂಡ್ರೆ ಎಳೆಯೋಕೆ ಅಂತಾನೇ ಒಂದು ಉಪಕರಣ ಇದೆ, ಅದಿಲ್ಲದೆ ಅಪ್ಪಂದಿರು ಮನೇಲಿ ಇಕ್ಕಳ ಹಾಕಿ ಎಳೆದು ಕೊಳವೆನೇ ತಿರುಚಿ ತರ್ತಾರೆ. ನನ್ನ ಮಗಳ ಹಾರ್ನಲ್ಲಿ ವಾಲ್ವ್ ತಿರುಗೋದು ಒಂದು ಗಟ್ಟಿ ದಾರದಿಂದ, ಕೀ ಒತ್ತಿದ್ರೆ ದಾರ ವಾಲ್ವನ್ನ ತಿರುಗಿಸತ್ತೆ. ಕಾಂಟೆಸ್ಟ್ ದಿನ ಬೆಳಿಗ್ಗೆ ಬಸ್ ಇಳಿದು ಪೆಟ್ಟಿಗೆ ತೆಗೆದ್ರೆ ಎರಡನೇ ವಾಲ್ವಿನ ದಾರ ಕಿತ್ತೋಗಿದೆ. ಅವಳ ಮುಖ ಬಿಳಚಿಕೊಂಡಿತ್ತು. ಅವರು ಜೇಬಿಂದ ಒಂದು ಗೇಣು ದಾರ ತೆಗೆದು, ಕಾರಿಡಾರಲ್ಲೇ ಮಂಡಿಯೂರಿ ಕೂತು, ಎಂಟರ ಆಕಾರದಲ್ಲಿ ಸುತ್ತಿ, ಸ್ಕ್ರೂ ಬಿಗಿ ಮಾಡಿ, ಕೀ ಉಳಿದ ಎರಡರ ಸಮಕ್ಕೆ ನಿಂತಿದ್ಯಾ ಅಂತ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ ಕೊಟ್ರು. ಆಮೇಲೆ ಅವಳಿಗೂ ಕಟ್ಟೋದು ಕಲಿಸಿದ್ರು, ಈಗಲೂ ಅವಳ ಪೆಟ್ಟಿಗೇಲಿ ಒಂದು ತುಂಡು ದಾರ ಇರತ್ತೆ.

ಈ ವ್ಯವಸ್ಥೆ ಎಲ್ಲಿಂದ ಬಂತು ಅನ್ನೋದೂ ಆಸಕ್ತಿಯ ವಿಷಯಾನೇ. ಅಮೆರಿಕದ ಪಬ್ಲಿಕ್ ಸ್ಕೂಲಲ್ಲಿ ಸಂಗೀತ ಅನ್ನೋದು ಮೊದಲು ಬಂದಿದ್ದು ಹಾಡಾಗಿ, 1838ರಲ್ಲಿ ಬಾಸ್ಟನ್‌ನಲ್ಲಿ, ಲೋವೆಲ್ ಮೇಸನ್ ಅನ್ನೋರ ಪ್ರಯತ್ನದಿಂದ. ಊದೋ ಬ್ಯಾಂಡುಗಳು ಆಗ ಸೈನ್ಯದಲ್ಲಿ, ಊರ ಚೌಕದಲ್ಲಿ. ಜಾನ್ ಫಿಲಿಪ್ ಸೂಸಾ 1880ರಿಂದ 1892ರವರೆಗೆ ಮರೀನ್ ಬ್ಯಾಂಡ್ ನಡೆಸಿ ಆಮೇಲೆ ಸ್ವಂತ ಬ್ಯಾಂಡ್ ಕಟ್ಟಿಕೊಂಡು ದೇಶ ಎಲ್ಲಾ ಸುತ್ತಿದ್ರು, ಬ್ಯಾಂಡ್ ಅಂದ್ರೆ ಜನ ಟಿಕೆಟ್ ತಗೊಂಡು ಕೇಳೋ ಕಾಲ ಅದು. ಮೊದಲ ಮಹಾಯುದ್ಧ ಮುಗಿದ ಮೇಲೆ ಸೈನ್ಯದ ಬ್ಯಾಂಡಲ್ಲಿ ಕಲಿತೋರು ಊರಿಗೆ ವಾಪಸ್ ಬಂದ್ರು, ರೇಡಿಯೋ ಗ್ರಾಮಫೋನು ಬಂದು ಸುತ್ತಾಡೋ ಬ್ಯಾಂಡುಗಳಿಗೆ ಜನ ಕಮ್ಮಿ ಆದ್ರು, 1920ರ ದಶಕದ ಕೊನೇಲಿ ಸಿನಿಮಾಗೆ ಮಾತು ಬಂದ ಮೇಲೆ ಥಿಯೇಟರಲ್ಲಿ ಕೂತು ನುಡಿಸ್ತಿದ್ದ ಸಂಗೀತಗಾರರ ಕೆಲಸಾನೂ ಹೋಯ್ತು. ಕಲಿಸಬಲ್ಲವರು ಸಿಕ್ಕಿದ್ರು, ವಾದ್ಯ ಮಾಡೋ ಕಂಪನಿಗಳಿಗೆ ಹೊಸ ಗಿರಾಕಿ ಬೇಕಿತ್ತು, ಎರಡೂ ಸೇರಿ ಸ್ಕೂಲ್ ಕಡೆ ತಿರುಗಿತು. 1923ರಲ್ಲಿ ಶಿಕಾಗೋದಲ್ಲಿ ದೇಶಮಟ್ಟದ ಮೊದಲ ಸ್ಕೂಲ್ ಬ್ಯಾಂಡ್ ಸ್ಪರ್ಧೆ ನಡೀತು, ಅದಕ್ಕೆ ಬೆನ್ನಿಗೆ ನಿಂತೋರು ವಾದ್ಯ ತಯಾರಕರೇ. ಇವತ್ತು ನಾವು ನೋಡ್ತಿರೋ ಸ್ಕೂಲ್ ಬ್ಯಾಂಡಿನ ರೂಪ ಬಹುಪಾಲು ಆ ಹತ್ತು ಹದಿನೈದು ವರ್ಷದಲ್ಲಿ ಗಟ್ಟಿಯಾಗಿದ್ದು. ಶಿಕಾಗೋದಲ್ಲಿ ಈಗಲೂ ಪ್ರತಿ ಡಿಸೆಂಬರ್ ಮಿಡ್‌ವೆಸ್ಟ್ ಕ್ಲಿನಿಕ್ ಅಂತ ಬ್ಯಾಂಡ್ ಮೇಷ್ಟ್ರುಗಳ ದೊಡ್ಡ ಸಮಾವೇಶ ಆಗತ್ತೆ, 1946ರಿಂದ ನಡ್ಕೊಂಡು ಬಂದಿದೆ.

ಡೈರೆಕ್ಟರ್ ಆಗಬೇಕಾದ್ರೆ ಸಾಮಾನ್ಯವಾಗಿ ಮ್ಯೂಸಿಕ್ ಎಜುಕೇಶನ್‌ನಲ್ಲಿ ಡಿಗ್ರಿ ಬೇಕು, ನಾಲ್ಕು ವರ್ಷ ಅಥವಾ ಸ್ವಲ್ಪ ಜಾಸ್ತಿ, ಕೊನೇಲಿ ಒಂದು ಸೆಮಿಸ್ಟರ್ ನಿಜವಾದ ಸ್ಕೂಲಲ್ಲಿ ಇನ್ನೊಬ್ಬ ಮೇಷ್ಟ್ರ ಕೈಕೆಳಗೆ ಪಾಠ ಮಾಡಬೇಕು, ಆಮೇಲೆ ರಾಜ್ಯದ ಸರ್ಟಿಫಿಕೇಟ್ ಪರೀಕ್ಷೆ. ತಮ್ಮ ಮುಖ್ಯ ವಾದ್ಯದಲ್ಲಿ ಕಛೇರಿ ಕೊಡೋ ಮಟ್ಟಕ್ಕೆ ಬರಬೇಕು, ಜೊತೆಗೆ ಉಳಿದ ವಾದ್ಯಗಳನ್ನೂ ಹಿಡಿದು ಹೊಸಬರಿಗೆ ಕಲಿಸೋಷ್ಟು ಕಲೀಬೇಕು. ಒಬ್ಬ ಟ್ರಂಪೆಟ್ ವಿದ್ವಾಂಸ ಇಪ್ಪತ್ತನೇ ವಯಸ್ಸಲ್ಲಿ ಓಬೋ ಹಿಡಿದು ಮತ್ತೆ ಕೀಚ್ ಕೀಚ್ ಅಂತ ಶುರು ಮಾಡೋದು ಅಂದ್ರೆ ಯೋಚನೆ ಮಾಡಿ. ಅದು ಒಳ್ಳೇದಕ್ಕೇ ಅಂತ ನನಗನಿಸತ್ತೆ, ಬರದೇ ಇರೋದು ಹೇಗಿರತ್ತೆ ಅಂತ ದೊಡ್ಡವರಾದ ಮೇಲೂ ನೆನಪಿರತ್ತೆ.

ಟೆಕ್ಸಸಲ್ಲಿ ವಸಂತಕಾಲಕ್ಕೆ ಯುಐಎಲ್ ಕಾಂಟೆಸ್ಟ್ ಬರತ್ತೆ, ಯೂನಿವರ್ಸಿಟಿ ಇಂಟರ್‌ಸ್ಕೊಲಾಸ್ಟಿಕ್ ಲೀಗ್ ಅನ್ನೋ ಸಂಸ್ಥೆ ನಡೆಸೋದು, ಟೆಕ್ಸಸ್ ಯೂನಿವರ್ಸಿಟಿಯಿಂದಲೇ ಹುಟ್ಟಿದ್ದು. ಇದರಲ್ಲಿ ಎರಡು ಭಾಗ. ಮೊದಲು ಸ್ಟೇಜಲ್ಲಿ ತಯಾರಿ ಮಾಡ್ಕೊಂಡು ಬಂದ ಕೃತಿಗಳನ್ನ ನುಡಿಸಬೇಕು, ಮೂರು ಜನ ಜಡ್ಜ್. ಆಮೇಲೆ ಬೇರೆ ರೂಮಿಗೆ ಹೋದ್ರೆ ಯಾರೂ ನೋಡೇ ಇರದ ಒಂದು ಹೊಸ ಕೃತಿ ಕೊಡ್ತಾರೆ, ಸೈಟ್ ರೀಡಿಂಗ್ ಅಂತ. ಡೈರೆಕ್ಟರಿಗೆ ಕೆಲವೇ ನಿಮಿಷ ವಿವರಿಸೋಕೆ ಟೈಮು, ಅಷ್ಟರಲ್ಲಿ ಮಕ್ಕಳು ಊದೋ ಹಾಗಿಲ್ಲ, ಬೆರಳು ಆಡಿಸ್ಕೊಂಡು ಕೂತಿರ್ತಾರೆ, ಆಮೇಲೆ ನಿಲ್ಲಿಸದೆ ನುಡಿಸಬೇಕು. 1ರಿಂದ 5ರವರೆಗೆ ರೇಟಿಂಗು, 1 ಅಂದ್ರೆ ಸುಪೀರಿಯರ್. ಬೇರೆ ಸ್ಕೂಲಿನ ಜೊತೆ ಹೋಲಿಸಿ ಒಂದನೇ ಎರಡನೇ ಸ್ಥಾನ ಅಂತ ಕೊಡಲ್ಲ, ಒಂದು ಮಟ್ಟ ಇದೆ, ಅದಕ್ಕೆ ಮುಟ್ಟಿದೋರಿಗೆಲ್ಲಾ 1 ಸಿಗಬಹುದು, ಎರಡೂ ಕಡೆ 1 ಬಂದ್ರೆ ಸ್ವೀಪ್‌ಸ್ಟೇಕ್ಸ್ ಅಂತ ಪ್ರಶಸ್ತಿ. ನನಗೆ ಸ್ಟೇಜಿಗಿಂತ ಸೈಟ್ ರೀಡಿಂಗೇ ನಿಜವಾದ ಪರೀಕ್ಷೆ ಅನಿಸತ್ತೆ, ಒಂದೇ ಮೂರು ಕೃತಿನ ನಾಲ್ಕು ತಿಂಗಳು ಉರು ಹೊಡೆಸಿದ್ರೆ ಸ್ಟೇಜಲ್ಲಿ ಚೆನ್ನಾಗೇ ಕೇಳಿಸತ್ತೆ, ಆದ್ರೆ ಓದೋಕೆ ಕಲಿಸಿದಾರಾ ಇಲ್ವಾ ಅಂತ ಆ ಚಿಕ್ಕ ರೂಮಲ್ಲಿ ಮುಚ್ಚಿಡೋಕಾಗಲ್ಲ.

ಇದರ ಮಧ್ಯೆ ನೋ ಪಾಸ್ ನೋ ಪ್ಲೇ ಅಂತ ಒಂದು ನಿಯಮ, 1984ರಲ್ಲಿ ಟೆಕ್ಸಸ್ ತಂದಿದ್ದು. ಸಾಮಾನ್ಯವಾಗಿ ಯಾವುದೇ ಸಬ್ಜೆಕ್ಟಲ್ಲಿ 70ಕ್ಕಿಂತ ಕಮ್ಮಿ ಬಂದ್ರೆ ಆ ಮಗು ಕಾಂಟೆಸ್ಟಿಗೆ ಹೋಗೋ ಹಾಗಿಲ್ಲ. ಹಾಗಾಗಿ ಬ್ಯಾಂಡ್ ಮೇಷ್ಟ್ರು ಮಾರ್ಚ್ ತಿಂಗಳಲ್ಲಿ ಗಣಿತದ ಮೇಷ್ಟ್ರ ರೂಮಿನ ಮುಂದೆ ನಿಂತಿರ್ತಾರೆ, ನಮ್ಮ ಹುಡುಗನ ಹೋಮ್‌ವರ್ಕ್ ಏನು ಬಾಕಿ ಇದೆ ಹೇಳಿ, ನಾನು ಕೂರಿಸಿ ಮಾಡಿಸ್ತೀನಿ ಅಂತ. ಒಬ್ಬನೇ ಟ್ಯೂಬಾ ಹುಡುಗ ಇದ್ದು ಅವನಿಗೇ 68 ಬಂದ್ರೆ ಇಡೀ ಬ್ಯಾಂಡಿನ ತಳಪಾಯ ಹೋಯ್ತು. ನಿಯಮ ಸರಿನಾ ತಪ್ಪಾ ಅಂತ ವಾದ ಇವತ್ತಿಗೂ ಇದೆ, ನಾನು ನೋಡಿದ ಪ್ರಕಾರ ಅದರ ಭಾರ ಜಾಸ್ತಿ ಬಿದ್ದಿದ್ದು ಮನೇಲಿ ಪಾಠ ಹೇಳಿಕೊಡೋರು ಇಲ್ಲದ ಮಕ್ಕಳ ಮೇಲೆ, ಅವರಿಗೆ ಸ್ಕೂಲಿಗೆ ಬರೋಕೆ ಇದ್ದ ಒಂದೇ ಕಾರಣ ಬ್ಯಾಂಡ್ ಆಗಿರತ್ತೆ.

ದುಡ್ಡಿನ ವಿಷಯ ಚುಟುಕಾಗಿ. ಫ್ಲೂಟು, ಕ್ಲ್ಯಾರಿನೆಟ್, ಟ್ರಂಪೆಟ್ ಇಂಥವನ್ನ ಮನೆಯವರು ತಿಂಗಳ ಬಾಡಿಗೆಗೆ ತಗೋತಾರೆ. ಟ್ಯೂಬಾ, ಬಸೂನ್, ಹಾರ್ನ್ ಒಂದೊಂದಕ್ಕೂ ಸಾವಿರಾರು ಡಾಲರ್ ಆಗೋದ್ರಿಂದ ಸ್ಕೂಲೇ ಇಟ್ಕೊಂಡು ಮಕ್ಕಳಿಗೆ ಕೊಡತ್ತೆ. ಸ್ಕೂಲ್ ಡಿಸ್ಟ್ರಿಕ್ಟ್, ಅಂದ್ರೆ ಆ ಭಾಗದ ಸ್ಕೂಲುಗಳನ್ನ ನಡೆಸೋ ಆಡಳಿತದಿಂದ ಬರೋ ಬಜೆಟ್ ಸಾಲಲ್ಲ, ಅದಕ್ಕೆ ನಮ್ಮಂಥ ಅಪ್ಪ ಅಮ್ಮಂದಿರ ಬೂಸ್ಟರ್ ಕ್ಲಬ್, ಕುಕ್ಕಿ ಹಿಟ್ಟು ಮಾರೋದು, ಕಾರ್ ತೊಳೆಯೋದು. ಸ್ಕೂಲಿನ ದುಡ್ಡು ಇಲ್ಲಿ ಬಹಳ ಮಟ್ಟಿಗೆ ಆಯಾ ಊರಿನ ಆಸ್ತಿ ತೆರಿಗೆ ಮೇಲೆ ನಿಂತಿದೆ, ಕ್ಯಾಲಿಫೋರ್ನಿಯಾದಲ್ಲಿ 1978ರ ಪ್ರೊಪೊಸಿಶನ್ 13 ಅನ್ನೋ ಕಾನೂನು ಆಸ್ತಿ ತೆರಿಗೆಗೆ ಮಿತಿ ಹಾಕಿದ ಮೇಲೆ ಎಷ್ಟೋ ಸ್ಕೂಲಲ್ಲಿ ಮೊದಲು ಕತ್ತರಿ ಬಿದ್ದಿದ್ದು ಸಂಗೀತಕ್ಕೆ. 2002ರಲ್ಲಿ ಜಾರಿಗೆ ಬಂದ ನೋ ಚೈಲ್ಡ್ ಲೆಫ್ಟ್ ಬಿಹೈಂಡ್ ಕಾನೂನು ಓದು ಮತ್ತು ಗಣಿತದ ಪರೀಕ್ಷೆಗೆ ಒತ್ತು ಕೊಡ್ತು, ಮಾರ್ಕ್ಸ್ ಕಮ್ಮಿ ಇರೋ ಮಕ್ಕಳನ್ನ ಬ್ಯಾಂಡ್ ಪೀರಿಯಡ್ಡಿಂದ ಎಬ್ಬಿಸಿ ಎಕ್ಸ್‌ಟ್ರಾ ಕ್ಲಾಸಿಗೆ ಕಳಿಸೋದು ಶುರುವಾಯ್ತು. 2015ರ ಹೊಸ ಕಾನೂನಲ್ಲಿ ಸಂಗೀತನೂ ಪರಿಪೂರ್ಣ ಶಿಕ್ಷಣದ ಭಾಗ ಅಂತ ಹೆಸರು ಹಿಡಿದು ಬರೆದ್ರು, ಕಾಗದದ ಮೇಲೆ ಅದು ದೊಡ್ಡ ಸಹಾಯ, ಆದ್ರೆ ಪ್ರತಿ ವರ್ಷ ಪ್ರಿನ್ಸಿಪಾಲರ ಮುಂದೆ ಕೂತು ಟೈಮ್‌ಟೇಬಲ್ಲಲ್ಲಿ ಆ ಒಂದು ಪೀರಿಯಡ್ ಉಳಿಸ್ಕೊಳ್ಳೋದು ಈಗಲೂ ಡೈರೆಕ್ಟರ್ ಕೆಲಸಾನೇ.

ಕಿವಿ ಬಗ್ಗೆ ಹೇಳಲೇಬೇಕು. ಇಲ್ಲಿನ ಉದ್ಯೋಗ ಆರೋಗ್ಯ ಸಂಸ್ಥೆ ನಯಾಶ್ ಹೇಳೋ ಪ್ರಕಾರ 85 ಡೆಸಿಬೆಲ್ ಸದ್ದಲ್ಲಿ ದಿನಕ್ಕೆ 8 ಗಂಟೆ ಇರಬಹುದು, ಮೇಲೆ ಪ್ರತಿ 3 ಡೆಸಿಬೆಲಿಗೆ ಟೈಮ್ ಅರ್ಧ ಆಗತ್ತೆ, 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1. ತಗ್ಗು ಚಾವಣಿ ಇರೋ ರೂಮಲ್ಲಿ 60 ಮಕ್ಕಳು ಜೋರಾಗಿ ಊದಿದ್ರೆ 90 ದಾಟೋದು ಕಷ್ಟ ಏನಲ್ಲ, ಮಕ್ಕಳಿಗೆ ಒಂದು ಪೀರಿಯಡ್ ಅಷ್ಟೆ, ಮೇಷ್ಟ್ರಿಗೆ ಐದಾರು. ನಮ್ಮ ಡೈರೆಕ್ಟರ್ ಎಡಗಿವಿ ಸ್ವಲ್ಪ ಮಂದ, ಪರ್ಕಶನ್‌ನವರು ಇಷ್ಟು ವರ್ಷ ಆ ಕಡೆ ಇದ್ರು ಅಂತ ಅವರೇ ಹೇಳಿದ್ರು. ಸದ್ದು ಕೇಳೋದೇ ವೃತ್ತಿ ಆಗಿರೋರಿಗೆ ಆ ವೃತ್ತಿನೇ ಕಿವಿ ತಿನ್ನೋದು ನನಗೆ ತುಂಬಾ ನೋವಿನ ವಿಷಯ, ಇದರ ಬಗ್ಗೆ ಸ್ಕೂಲುಗಳು ಇನ್ನೂ ಜಾಸ್ತಿ ಯೋಚನೆ ಮಾಡಬೇಕು.

ಆಮೇಲೆ ವಯಸ್ಸು. 11ರಿಂದ 14 ಅಂದ್ರೆ ಮೈ ಮನಸ್ಸು ಎರಡೂ ಬದಲಾಗೋ ಕಾಲ. ಆರನೇ ಕ್ಲಾಸಲ್ಲಿ ಚೆನ್ನಾಗಿ ಊದ್ತಿದ್ದ ಟ್ರಂಪೆಟ್ ಹುಡುಗ ಏಳಕ್ಕೆ ಹಲ್ಲಿಗೆ ಕ್ಲಿಪ್ ಹಾಕಿಸ್ಕೊಂಡು ಬರ್ತಾನೆ, ಮೇಲಿನ ಸ್ವರ ಎಲ್ಲಾ ಮಾಯ, ತುಟಿ ಒಳಗೆ ಕೊಯ್ಯತ್ತೆ. ಎಷ್ಟೋ ಮಕ್ಕಳು ಅಲ್ಲಿಗೆ ಬಿಡ್ತಾರೆ. ಇವರು ಅವನನ್ನ ಕೆಲವು ತಿಂಗಳು ಯುಫೋನಿಯಂಗೆ ಕೂರಿಸಿದ್ರು, ಮೌತ್‌ಪೀಸ್ ದೊಡ್ಡದು, ಒತ್ತಡ ಕಮ್ಮಿ, ಬೆರಳು ಅದೇ ಮೂರು ವಾಲ್ವು. ಅವನು ವಾಪಸ್ ಟ್ರಂಪೆಟ್ ಕೇಳಲೇ ಇಲ್ಲ. ಒಂಟಿಯಾಗಿ ಎಲ್ಲರ ಮುಂದೆ ನುಡಿಸೋದಂದ್ರೆ ಈ ವಯಸ್ಸಿಗೆ ಪ್ರಾಣಸಂಕಟ, ತಪ್ಪಿದ್ರೆ ನಗ್ತಾರೆ ಅನ್ನೋ ಭಯ. ಅದಕ್ಕೆ ಇವರ ಕ್ಲಾಸಲ್ಲಿ ಮೊದಲ ದಿನದಿಂದ ಎಲ್ಲರೂ ಸರದಿ ಮೇಲೆ ಒಂದೊಂದೇ ಸ್ವರ ಒಬ್ಬೊಬ್ಬರೇ ಊದಬೇಕು, ದಿನಾ, ಚೆನ್ನಾಗಿ ಬಂದ್ರೂ ಬರದಿದ್ರೂ ಅವರು ಮುಂದಿನವರ ಕಡೆ ತಲೆ ಆಡಿಸಿ ಹೋಗ್ತಿರ್ತಾರೆ. ಎರಡು ವಾರಕ್ಕೆ ಅದು ಹಾಜರಿ ಹೇಳಿದಷ್ಟು ಸಹಜ ಆಗಿರತ್ತೆ.

ಇಷ್ಟೆಲ್ಲಾ ಹೇಳಿದ ಮೇಲೆ ನಾನು ಮುಖ್ಯವಾಗಿ ಹೇಳಬೇಕಂದ್ಕೊಂಡಿದ್ದು ಇದು. ಈ ಕೆಲಸದಲ್ಲಿ ಕೂಡಿಟ್ಕೊಳ್ಳೋಕೆ ಏನೂ ಇರಲ್ಲ. ಮೂರು ವರ್ಷ ಕಷ್ಟಪಟ್ಟು ಒಂದು ಬ್ಯಾಂಡ್ ಕಟ್ಟಿದ್ರೆ, ಸರಿಯಾಗಿ ಕೇಳಿಸೋಕೆ ಶುರುವಾದ ವರ್ಷವೇ ಆ ಮಕ್ಕಳು ಹೈಸ್ಕೂಲಿಗೆ ಹೊರಟು ಹೋಗ್ತಾರೆ. ಶುಕ್ರವಾರ ರಾತ್ರಿ ಫುಟ್ಬಾಲ್ ಮ್ಯಾಚಲ್ಲಿ ದೀಪದ ಕೆಳಗೆ ಮಾರ್ಚಿಂಗ್ ಬ್ಯಾಂಡ್ ನಡ್ಕೊಂಡು ಬಂದ್ರೆ ಸ್ಟೇಡಿಯಂ ಎದ್ದು ನಿಲ್ಲತ್ತೆ, ಟ್ರೋಫಿ ಹೈಸ್ಕೂಲಿನ ಕಪಾಟಿಗೆ ಹೋಗತ್ತೆ, ಆದ್ರೆ ಆ 200 ಮಕ್ಕಳಲ್ಲಿ ಬಹುಪಾಲು ಮಕ್ಕಳ ಉಸಿರು, ತುಟಿ, ನಾಲಿಗೆ, ಸ್ವರ ಓದೋದು ಎಲ್ಲಾ ಕಲ್ತಿದ್ದು ಮಿಡಲ್ ಸ್ಕೂಲಿನ ಆ ಕಿಟಕಿ ಇಲ್ಲದ ರೂಮಲ್ಲಿ. ಮಿಡಲ್ ಸ್ಕೂಲ್ ಅಂದ್ರೆ ಹೈಸ್ಕೂಲ್ ಕೆಲಸ ಸಿಗೋವರೆಗೆ ಒಂದು ಮೆಟ್ಟಿಲು ಅಂತ ನೋಡೋರು ಈ ವೃತ್ತಿಯಲ್ಲೇ ಇದಾರೆ. ನಮ್ಮವರಿಗೂ ಎರಡು ಸಲ ಹೈಸ್ಕೂಲಿಂದ ಕರೆ ಬಂದಿತ್ತಂತೆ, ಸಂಬಳನೂ ಜಾಸ್ತಿ. ಹೋಗಲಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ, ಮೊದಲನೇ ಸ್ವರ ಬರೋ ಕ್ಷಣ ಅಲ್ಲಿ ಸಿಗಲ್ಲ ಅಂದ್ರು.

ಹೋದ ಮೇ ತಿಂಗಳಲ್ಲಿ ಎಂಟನೇ ಕ್ಲಾಸಿನ ಕೊನೇ ಕಾನ್ಸರ್ಟ್ ಆಯ್ತು. ಮಾರನೇ ದಿನ ಮಕ್ಕಳೆಲ್ಲಾ ಸ್ಕೂಲಿನ ವಾದ್ಯ ವಾಪಸ್ ಕೊಡೋಕೆ ಸಾಲಲ್ಲಿ ನಿಂತಿದ್ರು, ನಾನು ಪಕ್ಕದಲ್ಲಿ ಕೂತು ನಂಬರ್ ಟಿಕ್ ಮಾಡ್ತಿದ್ದೆ. ನನ್ನ ಮಗಳ ಸರದಿ ಬಂದಾಗ ಅವರು ಹಾರ್ನ್ ತಗೊಂಡು, ಮೂರೂ ಕೀ ಒತ್ತಿ ನೋಡಿ, ಎಣ್ಣೆ ಬಿಟ್ಟು, ಎರಡನೇ ವಾಲ್ವಿನ ದಾರ ಒಂದು ಕ್ಷಣ ಹೆಬ್ಬೆರಳಲ್ಲಿ ಸವರಿ, ಪೆಟ್ಟಿಗೆ ಮೇಲಿನ ಅವಳ ಹೆಸರಿನ ಸ್ಟಿಕರ್ ಕಿತ್ತು ಅವಳ ಕೈಗೇ ಕೊಟ್ರು. ಅದೇ ವಾರ ಗುರುವಾರ ಸಂಜೆ ಐದನೇ ಕ್ಲಾಸಿನ ಮಕ್ಕಳು ಬಂದಿದ್ರು. ಅದೇ ಟೇಬಲ್, ಅದೇ ಸ್ಪ್ರೇ. ಡ್ರಮ್ ಬೇಕು ಅಂತ ಬಂದಿದ್ದ ಒಬ್ಬ ಪುಟ್ಟ ಹುಡುಗನ ಹತ್ರ ಪಿಯಾನೋದಲ್ಲಿ ಎರಡು ಸ್ವರ ಹಾಡಿಸಿ ಕೇಳಿದ್ರು, ಆಮೇಲೆ ಹಾರ್ನಿನ ಮೌತ್‌ಪೀಸ್ ಒರೆಸಿ ಅವನ ಕೈಗಿಟ್ರು. ಬರೀ ಗಾಳಿ ಬಂತು. ಅವರು ಕುರ್ಚಿ ಇನ್ನೊಂಚೂರು ಹತ್ತಿರ ಎಳ್ಕೊಂಡು ಕೂತ್ರು.